ಕ್ಯಾನಿಗೊಂದು ಪಾಸು

ಕಮಲಾವತಿಯ ಕೈಗೆ ಯಾವ ಕಾಗದ ಕೊಟ್ಟರೂ ಅವಳು ಮೊದಲು ತಿರುಗಿಸಿ ನೋಡುವುದು ಅದರ ಹಿಂಬದಿಯನ್ನು. ಮದುವೆಯ ಕರೆಯೋಲೆಯಾದರೂ ಅಷ್ಟೆ, ಔಷಧಿಯ ಪೊಟ್ಟಣವಾದರೂ ಅಷ್ಟೆ. ಮುಂದುಗಡೆ ಕೊಟ್ಟವರು ತಮಗೆ ಬೇಕಾದ್ದನ್ನು ದೊಡ್ಡದಾಗಿ ಬರೆದಿರುತ್ತಾರೆ, ನಮಗೆ ಬೇಕಾದ್ದು ಹಿಂದೆ ಸಣ್ಣ ಅಕ್ಷರದಲ್ಲಿ ಇರುತ್ತದೆ ಅನ್ನುವುದು ಅವಳ ನಂಬಿಕೆ. ರೈಲು ಟಿಕೇಟಿನ ಹಿಂಬದಿಯನ್ನು ಪೂರ್ತಿ ಓದಿದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ವಯನಾಡಿಗೆ ರೈಲೇ ಇಲ್ಲ. ಆದರೂ ಮೈಸೂರಿಂದ ಬಂದ ನೆಂಟರೊಬ್ಬರ ಜೇಬಿನಿಂದ ಟಿಕೇಟು ತೆಗೆಸಿ ಓದಿದ ಹೆಂಗಸು ಅವಳು. ಪುಲ್ಪಳ್ಳಿಯ ಹಾಲು ಸಂಘದ ಕಚೇರಿಯಲ್ಲಿ ಅವಳಿಗೆ ಹಿಂಬದಿ ಚೇಚಿ ಎಂದೇ ಹೆಸರು. ಚೇಚಿ ಅಂದರೆ ಮಲೆಯಾಳದಲ್ಲಿ ಅಕ್ಕ. ಎದುರಿಗೆ ಯಾರೂ ಹಾಗೆ ಕರೆಯುವ ಧೈರ್ಯ ಮಾಡಿಲ್ಲ, ಆದರೆ ಅವಳಿಗೆ ಅದೂ ಗೊತ್ತು.

ಹುಟ್ಟಿದ್ದು ಸುಲ್ತಾನ್ ಬತ್ತೇರಿಯ ಹತ್ತಿರ, ತಲೆತಲಾಂತರದಿಂದ ಬೇಸಾಯ ಮಾಡಿಕೊಂಡು ಬಂದ ಜೈನರ ಮನೆಯಲ್ಲಿ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮಲೆಯಾಳ. ವಯನಾಡು ಹೊಸ ಜಿಲ್ಲೆಯಾದ ವರ್ಷ ಅವಳಿಗೆ ಇಪ್ಪತ್ತು ತುಂಬಿತ್ತು. ಊರವರೆಲ್ಲ ಜಿಲ್ಲೆ ಬಂತು ಎಂದು ಸಂತೋಷಪಡುತ್ತಿದ್ದರೆ ಇವಳು ತಂದೆ ವಿಮಲನಾಥರ ಹಿಂದೆ ಬಿದ್ದಳು. ಗೆರೆ ಎಳೆದವರು ಯಾರು? ಕಬಿನಿ ಹೊಳೆ ಈ ಕಡೆಗೆ ಸೇರಿತೋ ಆ ಕಡೆಗೋ? ಹೊಳೆಯ ನಡುವೆ ಹರಿಯುವ ನೀರು ಯಾರದು? ಮೆಣಸು ಒಣಗಿಸುತ್ತಿದ್ದ ತಂದೆಗೆ ರೋಸಿಹೋಯಿತು. "ಹೊಸ ಆಫೀಸು ತೆಗ್ದಿದಾರಂತೆ, ಅಲ್ಲೇ ಹೋಗಿ ಕೇಳಮ್ಮ" ಅಂದರು. ಅವರು ಅಂದದ್ದು ಬೇಸರಕ್ಕೆ, ಇವಳು ಬಸ್ಸು ಹತ್ತಿ ಹೋಗಿಯೇಬಿಟ್ಟಳು. ಆಫೀಸಿನಲ್ಲಿ ಉತ್ತರ ಸಿಗಲಿಲ್ಲ. ಗೋಡೆಗೆ ಅಂಟಿಸಿದ್ದ ಒಂದು ಪ್ರಕಟಣೆಯಲ್ಲಿ ಹಾಲು ಸಂಘಕ್ಕೆ ಗುಮಾಸ್ತರು ಬೇಕು ಎಂದಿತ್ತು, ಆ ಕೆಲಸ ಸಿಕ್ಕಿತು.

ಮದುವೆಯಾದದ್ದು ಪುಲ್ಪಳ್ಳಿಯ ಚಂದ್ರಪ್ರಭನನ್ನು. ಒಳ್ಳೆಯ ಮನುಷ್ಯ, ಮೆಣಸಿನ ಬಳ್ಳಿಯ ಜೊತೆಗಲ್ಲದೆ ಬೇರೆ ಯಾರ ಜೊತೆಗೂ ಹೆಚ್ಚು ಮಾತಾಡುವವನಲ್ಲ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಮನೆ ಅದು. ಬೇಗ ಉಂಡವರಿಗೆ ಸಂಜೆ ಉದ್ದ. ಆ ಉದ್ದದ ಸಂಜೆಗಳಲ್ಲಿ ಅವಳು ಸಂಘಕ್ಕೆ ಬಂದ ಸುತ್ತೋಲೆ, ಕರಾರು, ಯಂತ್ರದ ಕೈಪಿಡಿ ಎಲ್ಲವನ್ನೂ ಮುಂದೂ ಹಿಂದೂ ಓದಿದಳು. ಹಾಲಿನ ಫ್ಯಾಟ್ ಅಳೆಯುವ ಮೊದಲ ಯಂತ್ರ ಬಂದಾಗ ಅದನ್ನು ತಿಂಗಳಿಗೊಮ್ಮೆ ಕಂಪನಿಯೇ ಬಂದು ಪುಕ್ಕಟೆ ಸರಿಮಾಡಿಕೊಡಬೇಕು ಎಂದು ಹಿಂದಿನ ಪುಟದಿಂದ ಹೆಕ್ಕಿ ತೆಗೆದವಳು ಅವಳೇ. ಹೀಗೆ ಓದುತ್ತ ಓದುತ್ತ ಹೆಡ್ ಗುಮಾಸ್ತೆಯಾದಳು. ಜಿಲ್ಲೆಗೆ ಮೂವತ್ತು ತುಂಬುವ ವರ್ಷದ ಮಾರ್ಚಿ ತಿಂಗಳಲ್ಲಿ ಅವಳ ಮೇಜಿನ ಮೇಲೆ ಸರ್ವರಿನ ಕೊಟೇಶನ್ನು ಬಂದು ಬಿತ್ತು.

ಸರ್ವರ್ ಅಂದರೆ ಏನು ಎಂದು ನಾನು ಇಲ್ಲಿ ಪಾಠ ಮಾಡಲಾರೆ. ಅದೊಂದು ದೊಡ್ಡಣ್ಣ ಕಂಪ್ಯೂಟರು, ಕಚೇರಿಯ ಮೂಲೆಯಲ್ಲಿ ಕೂತಿರುತ್ತದೆ, ಊರೂರಿನ ಚಿಕ್ಕ ಕಂಪ್ಯೂಟರುಗಳೆಲ್ಲ ತಂತಿಯ ಮೂಲಕ ಅದನ್ನು ಕೇಳಿಕೊಂಡು ಕೆಲಸ ಮಾಡುತ್ತವೆ. ಅಷ್ಟು ತಿಳಿದರೆ ಸಾಕು. ಸಂಘಕ್ಕೆ ನಾಲ್ಕು ಹಾಲಿನ ಕೇಂದ್ರಗಳಿದ್ದವು. ಬೆಳಿಗ್ಗೆ ಅಲ್ಲಿ ಅಳೆದ ಹಾಲಿನ ವಿವರ ಆಗಲೇ ಪುಲ್ಪಳ್ಳಿಗೆ ಬರಬೇಕೆಂದು ಸರಕಾರ ಸಹಾಯಧನ ಕೊಟ್ಟಿತ್ತು. ಮಾರ್ಚ್ ಮೂವತ್ತೊಂದರೊಳಗೆ ಕೊಳ್ಳದಿದ್ದರೆ ಹಣ ವಾಪಸು.

ಮರಕ್ಕಡವಿನ ಕೇಂದ್ರದಲ್ಲಿ ಪರೀಕ್ಷೆಗೆಂದು ಮೊದಲೇ ಒಂದು ಕಂಪ್ಯೂಟರು ಇಟ್ಟುಹೋಗಿದ್ದ ಪದ್ಮನಾಭನ್ ಎಂಬ ಮಾರಾಟದವನು ಕೋಳಿಕ್ಕೋಡಿನಿಂದ ಬಂದ. ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ನಗು. ಸರ್ವರಿಗಿಷ್ಟು, ಅದರ ಸಾಫ್ಟ್‌ವೇರಿಗಿಷ್ಟು ಎಂದು ತೋರಿಸಿ, ಕೆಳಗೆ ಇನ್ನೊಂದು ಸಾಲು ತೋರಿಸಿದ. ಸರ್ವರನ್ನು ಬಳಸುವ ಒಬ್ಬೊಬ್ಬರಿಗೂ ಒಂದೊಂದು ಲೈಸೆನ್ಸು, ಒಟ್ಟು ಇಪ್ಪತ್ತನಾಲ್ಕು. ಆ ಸಾಲಿನ ಮೊತ್ತ ಸರ್ವರಿನ ಬೆಲೆಗಿಂತಲೂ ಹೆಚ್ಚಿತ್ತು. ಮೂಗಿಗಿಂತ ಮೂಗುತಿ ಭಾರ ಎಂದು ಕಮಲಾವತಿ ಮನಸ್ಸಿನಲ್ಲೇ ಅಂದುಕೊಂಡಳು.

ಅಧ್ಯಕ್ಷ ಕುಮಾರನ್ ಬೆರಳು ಮಡಚಿ ಎಣಿಸಿದರು. ಕಚೇರಿಯಲ್ಲಿ ಒಂಬತ್ತು ಜನ, ಸುತ್ತುವ ಸೂಪರ್‌ವೈಸರುಗಳು ಇಬ್ಬರು, ಮೂರು ಕೇಂದ್ರಗಳಲ್ಲಿ ಇಬ್ಬಿಬ್ಬರು. ಉಳಿದದ್ದು ಮರಕ್ಕಡವು. ಅಲ್ಲಿ ಒಂದು ಮೇಜಿಗೆ ಏಳು ಹೆಂಗಸರು.

"ಏಳು ಜನ ಯಾತಕ್ಕೆ ಚೇಚಿ?" ಎಂದು ಕೇಳಿದರು ಕುಮಾರನ್. ಅವರು ಕೆಟ್ಟವರಲ್ಲ, ಅವಸರದವರು. "ಒಬ್ಬರನ್ನ ಕಾಯಂ ಮಾಡಿ ಮಿಕ್ಕ ಆರು ಜನಕ್ಕೆ ಕೈಮುಗಿದುಬಿಡೋಣ. ಆರು ಲೈಸೆನ್ಸು ಉಳಿಯುತ್ತೆ."

"ಏಳು ಜನ ಒಟ್ಟಿಗೆ ಕೂರಲ್ಲ ಸಾರ್. ದಿನಕ್ಕೊಬ್ಬರು."

"ಒಟ್ಟಿಗೆ ಕೂತರೂ ಬೇರೆ ಬೇರೆ ಕೂತರೂ ತಲೆ ಏಳೇ ಅಲ್ಲವಾ ಚೇಚಿ," ಎಂದ ಪದ್ಮನಾಭನ್.

ಕಮಲಾವತಿಗೆ ಕಸಿವಿಸಿಯಾಯಿತು. ಮರಕ್ಕಡವಿನ ಆ ಏಳು ಜನರನ್ನು ಸರದಿಗೆ ಕೂರಿಸಿದವಳು ಅವಳೇ. ಹಿಂದೆ ಅಲ್ಲಿದ್ದ ಒಬ್ಬನೇ ಒಬ್ಬ ನೌಕರ ತನ್ನ ನೆಂಟರ ಹಾಲಿಗೆ ಫ್ಯಾಟ್ ಏರಿಸಿ, ಹಾಡಿಯವರ ಹಾಲಿಗೆ ಇಳಿಸಿ ಬರೆದು ಸಿಕ್ಕಿಬಿದ್ದು ಓಡಿಹೋಗಿದ್ದ. ಆಮೇಲೆ ಹೆಂಗಸರೇ ಬಂದು ನಾವು ನಡೆಸುತ್ತೇವೆ ಎಂದಿದ್ದರು. ಹತ್ತು ಜನಕ್ಕೆ ಹುಲ್ಲುಕಡ್ಡಿ, ಒಬ್ಬರಿಗೆ ತಲೆಹೊರೆ. ವಾರಕ್ಕೊಂದು ಬೆಳಿಗ್ಗೆ ಯಾರಿಗೂ ಹೊರೆಯಲ್ಲ. ಕೇಂದ್ರ ಚೆನ್ನಾಗಿ ನಡೆದಿತ್ತು. ಈಗ ಯಾರೋ ಕೋಳಿಕ್ಕೋಡಿನಲ್ಲಿ ಅಚ್ಚು ಹಾಕಿದ ಒಂದು ಸಾಲು ಆರು ಜನರನ್ನು ಮನೆಗೆ ಕಳಿಸುವುದಾದರೆ ಆ ಸಾಲಿನ ಹಿಂಬದಿಯನ್ನು ನೋಡಲೇಬೇಕಲ್ಲ.

"ಮುಂದಿನ ಮಂಗಳವಾರ ಕಮಿಟಿ ಇದೆ ಸಾರ್. ಅಲ್ಲೀವರೆಗೆ ಸಹಿ ಬೇಡ," ಅಂದಳು. ಪದ್ಮನಾಭನಿಂದ ಲೈಸೆನ್ಸಿನ ಶರತ್ತುಗಳ ಪುಸ್ತಕ ಕೇಳಿದಳು. ಮಾರಾಟಕ್ಕೆ ಬಂದು ಹನ್ನೊಂದು ವರ್ಷವಾದರೂ ಆ ಪುಸ್ತಕವನ್ನು ಯಾರೂ ಅವನಿಂದ ಕೇಳಿರಲಿಲ್ಲವಂತೆ. ಚೀಲದ ತಳದಿಂದ ಹುಡುಕಿ ಕೊಟ್ಟ.

ಅಂದು ಸಂಜೆ ಉಂಡು, ಜಗಲಿಯಲ್ಲಿ ಡಿಕ್ಷನರಿ ಇಟ್ಟುಕೊಂಡು ಕೂತಳು. ಮೊದಲ ಓದಿಗೆ ತಲೆಬುಡ ತಿಳಿಯಲಿಲ್ಲ. ಎರಡನೆಯ ಸಲಕ್ಕೆ ಒಂದು ಸಂಗತಿ ಹೊಳೆಯಿತು. ಇವರು ಮಾರುತ್ತಿರುವುದು ವಸ್ತುವನ್ನಲ್ಲ, ಅನುಮತಿಯನ್ನು. ಸರ್ವರಿನಲ್ಲಿ ಸಾಫ್ಟ್‌ವೇರು ಹಾಕಿಕೊಳ್ಳುವುದಕ್ಕೆ ಒಂದು ಅನುಮತಿ, ಅದರ ಹತ್ತಿರ ಹೋಗುವುದಕ್ಕೆ ಇನ್ನೊಂದು.

"ಬಾವಿ ತೋಡಿಸಿದ್ಮೇಲೂ ಕೊಡಕ್ಕೊಂದು ಸುಂಕ ಅಂತಾರಲ್ಲ, ಇದ್ಯಾವ ನ್ಯಾಯ?" ಎಂದು ಗಂಡನನ್ನು ಕೇಳಿದಳು.

"ಹೂಂ," ಅಂದ ಚಂದ್ರಪ್ರಭ. ಆಮೇಲೆ, "ಸುಂಕ ಕೊಡಕ್ಕಾ, ಹೊತ್ತೋರಿಗಾ?" ಎಂದು ಕೇಳಿದ.

ವರ್ಷಕ್ಕೊಂದು ಮಾತಾಡಿದರೂ ಆ ಮನುಷ್ಯ ಇಂಥ ಮಾತಾಡುತ್ತಾನೆ. ಕಮಲಾವತಿ ಮತ್ತೆ ಪುಸ್ತಕ ತಿರುವಿದಳು. ಯೂಸರ್ ಎಂಬ ಪದದ ಪಕ್ಕದಲ್ಲೇ ಡಿವೈಸ್ ಎಂಬ ಪದ ಎರಡು ಮೂರು ಕಡೆ ಇತ್ತು. ಯೂಸರ್ ಎಂದರೆ ಬಳಸುವವನು, ಡಿವೈಸ್ ಎಂದರೆ ಸಾಧನ, ಅಲ್ಲಿಗೆ ಡಿಕ್ಷನರಿಯ ಕೆಲಸ ಮುಗಿಯಿತು. ಎರಡಕ್ಕೂ ನಡುವೆ 'ಅಥವಾ' ಇದೆ ಸರಿ, ಆದರೆ ಆ ಅಥವಾ ಯಾರ ಕೈಯಲ್ಲಿದೆ, ಕೊಳ್ಳುವವರದೋ ಮಾರುವವರದೋ? ಬೆಳಿಗ್ಗೆ ಪದ್ಮನಾಭನಿಗೆ ಫೋನು ಮಾಡಿದಳು.

"ಚೇಚಿ, ಅದೆಲ್ಲ ಯಾಕೆ ತಲೆಕೆಡಿಸಿಕೊಳ್ತೀರಿ," ಎಂದ ಅವನು. "ಎಲ್ಲರೂ ಯೂಸರ್ ಲೆಕ್ಕದಲ್ಲೇ ತಗೊಳ್ಳೋದು. ಏಳು ಜಾಸ್ತಿಯಾಯ್ತಾ? ಹಾಗಾದ್ರೆ ಒಂದು ಉಪಾಯ. ಮರಕ್ಕಡವಿಗೆ ಒಂದೇ ತಗೊಳ್ಳಿ. ಅಲ್ಲಿ ಪರೀಕ್ಷೆಗೆ ಅಂತ ಮೂರು ವಾರದಿಂದ ಕಂಪ್ಯೂಟರ್ ಇಟ್ಟಿದೀನಲ್ಲ, ಎಲ್ಲರೂ ಒಂದೇ ಹೆಸರಲ್ಲೇ ಕೆಲಸ ಮಾಡ್ತಿದಾರೆ. ಹಾಗೇ ನಡೀಲಿ. ಯಾರು ನೋಡ್ತಾರೆ?"

ಒಂದೇ ಹೆಸರೇ? ಕಮಲಾವತಿಗೆ ಇದು ಹೊಸ ಸುದ್ದಿ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಅವಳು ಮರಕ್ಕಡವಿಗೆ ಹೊರಟಳು.

ಹೊಳೆಯ ದಡದ ಕೇಂದ್ರದಲ್ಲಿ ಅವತ್ತು ಕೂತಿದ್ದವಳು ಪುಟ್ಟಗೌರಮ್ಮ. ಹೊರಗೆ ಸಾಲು ನಿಂತಿತ್ತು. ಸರದಿಯ ಏಳು ಜನರಲ್ಲಿ ಹಿರಿಯಳಾದ ಭಾಗ್ಯಮ್ಮನೂ, ಎಲ್ಲರಿಗಿಂತ ಕಿರಿಯಳಾದ, ಕಾಡಂಚಿನ ಹಾಡಿಯ ನೀಲಿಯೂ ತಮ್ಮ ತಮ್ಮ ಹಾಲು ಹಿಡಿದು ಅದೇ ಸಾಲಿನಲ್ಲಿದ್ದರು. ಪುಟ್ಟಗೌರಮ್ಮ ಹಾಲು ಅಳೆದು ಚೀಟಿ ಕೊಡುತ್ತಿದ್ದಳು. ಚೀಟಿಯ ಮೇಲೆ ಅಳೆದವರು ಎಂಬಲ್ಲಿ ಭಾಗ್ಯಮ್ಮ ಎಂದು ಅಚ್ಚಾಗುತ್ತಿತ್ತು. ಭಾಗ್ಯಮ್ಮನ ಹಾಲಿಗೂ ಅಳೆದವರು ಭಾಗ್ಯಮ್ಮ.

"ಇದೇನ್ರೇ ಇದು?" ಎಂದಳು ಕಮಲಾವತಿ.

ಪುಟ್ಟಗೌರಮ್ಮ ನಾಚಿಕೊಂಡಳು. "ಆ ಕಂಪ್ಯೂಟ್ರಣ್ಣ ಬಂದು ಯಾವ ಹೆಸ್ರು ಹಾಕ್ಲಿ ಅಂದ್ರು ಕಣಕ್ಕ. ದೊಡ್ಡವ್ರು ಇರೋವಾಗ ನಮ್ಮ ಹೆಸ್ರು ಮುಂದ್ ಮಾಡದು ಚೆಂದಾನಾ? ಎಲ್ರೂ ಭಾಗ್ಯಕ್ಕನ ಹೆಸ್ರೇ ಹಾಕಿ ಅಂದ್ವಿ."

"ಕಾಯಿ ಒಡೆಯೋಕೆ ದೊಡ್ಡವರ ಕೈ ಬೇಕು, ಸರಿ. ಇದು ಪೂಜೆ ಅಲ್ವಲ್ಲ."

"ಹೊಸ ಸಾಮಾನು ತಾನೆ ಅಕ್ಕ," ಎಂದು ಸಾಲಿನಿಂದ ಯಾರೋ ಅಂದರು.

ಕಮಲಾವತಿಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಆ ಕೇಂದ್ರದ ಕಟ್ಟಳೆಯೇ ಬೇರೆ. ಕೂತವಳು ತನ್ನ ಹಾಲನ್ನು ತಾನು ಅಳೆಯುವಂತಿಲ್ಲ. ಅವತ್ತು ಅವಳ ಹಾಲನ್ನು ಹಿಂದಿನ ದಿನ ಕೂತವಳು ಬಂದು ಅಳೆಯಬೇಕು. ವಾರ ಮುಗಿಯುವುದರೊಳಗೆ ಒಬ್ಬೊಬ್ಬಳ ಹಾಲೂ ಉಳಿದ ಆರು ಜನರ ಕೈ ದಾಟುತ್ತಿತ್ತು. ಅದಕ್ಕೇ ಅಲ್ಲಿ ಜಗಳವಿರಲಿಲ್ಲ. ಈಗ ಚೀಟಿ ನೋಡಿದರೆ ಎಲ್ಲವನ್ನೂ ಒಬ್ಬಳೇ ಅಳೆದ ಹಾಗೆ. ಓಡಿಹೋದ ಆ ನೌಕರನ ಕಾಲಕ್ಕೂ ಈ ಕಾಗದಕ್ಕೂ ಏನು ವ್ಯತ್ಯಾಸ?

ಆಗ ಅವಳಿಗೆ ಇನ್ನೊಂದು ನೆನಪಾಯಿತು. ಎರಡು ವಾರದ ಹಿಂದಿನ ಒಂದು ಬುಧವಾರ, ವೆಳ್ಳಚ್ಚಿ ಎಂಬ ಮುದುಕಿಯ ಹಾಲಿಗೆ ಫ್ಯಾಟ್ ತೀರಾ ಕಡಿಮೆ ಬಂದು, ನೀರು ಬೆರೆಸಿದೆ ಎಂದು ಚೀಟಿ ಬಂದಿತ್ತು. ಹಾಲು ವಾಪಸು ಕಳಿಸಿದ್ದರು. ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ. ಅಳೆದದ್ದು ಸರಿಯೇ ಎಂದು ಕೇಳಿ ಕಚೇರಿಯಿಂದ ಭಾಗ್ಯಮ್ಮನಿಗೆ ಕಾಗದ ಹೋಗಿತ್ತು. ಟೈಪು ಮಾಡಿದವಳು ಕಮಲಾವತಿಯೇ. ಭಾಗ್ಯಮ್ಮ ಹೌದೆಂದು ಹೆಬ್ಬೆಟ್ಟು ಒತ್ತಿ ಕಳಿಸಿದ್ದಳು. ಆವತ್ತಿನಿಂದ ವೆಳ್ಳಚ್ಚಿ ಹಾಲು ತರುವುದನ್ನೇ ಬಿಟ್ಟಿದ್ದಳು.

"ಭಾಗ್ಯಮ್ಮ, ಆ ಬುಧವಾರ ಕೂತಿದ್ದು ನೀವೇನಾ?"

ಭಾಗ್ಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಚೀಟೀಲಿ ನನ್ನ ಹೆಸ್ರು ಐತಲ್ಲ ಕಮಲಮ್ಮ."

"ಚೀಟಿ ಬಿಡಿ. ಕೂತಿದ್ದು ಯಾರು?"

ಎಲ್ಲರೂ ಹೊಳೆಯ ಕಡೆ ನೋಡಿದರು. ಯಾರ ದಿನ ಯಾವುದು ಎಂದು ಅಲ್ಲಿ ಗೋಡೆಯ ಮೇಲೆ ಬರೆದಿಲ್ಲ. ಕರು ಹಾಕಿತು, ಮಗುವಿಗೆ ಜ್ವರ ಎಂದು ವಾರವಾರವೂ ಅದಲುಬದಲಾಗುತ್ತದೆ, ಅವರವರಿಗೇ ಗೊತ್ತು. ಬಾಯಿಗೆ ಬೀಗ ಹಾಕಿಕೊಂಡವರನ್ನು ಕೆದಕುವುದು ಸರಿಯಲ್ಲವೆಂದು ಕಮಲಾವತಿ ಸುಮ್ಮನಾದಳು. ಆದರೆ ಮನಸ್ಸಿಗೆ ಚುಚ್ಚಿತು. ಆರು ಜನರ ಸರದಿ ಉಳಿಸಬೇಕೆಂದು ಬಂದವಳಿಗೆ, ಆ ಸರದಿಯ ಜೀವವೇ ಒಂದು ಹೆಸರಿನ ಕೆಳಗೆ ಸಿಕ್ಕಿ ಒದ್ದಾಡುತ್ತಿರುವುದು ಕಂಡಿತು.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ. ವಾಪಸು ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು, ತೋಣಿ ಹತ್ತಿ ಒಂದು ಸಲ ಆಚೆಗೆ ಹೋಗಿ ಬರೋಣ ಎಂದು ಕಡವಿಗೆ, ಅಂದರೆ ದೋಣಿ ಹತ್ತುವ ದಡಕ್ಕೆ, ಇಳಿದಳು. ತೋಣಿಯ ಕರಿಯಪ್ಪ ಹುಟ್ಟು ಹಾಕುವುದಕ್ಕೆ ಮೊದಲು ಕೈ ಚಾಚಿ ಅವಳ ಹತ್ತಿರ ಕಾಸು ಇಸಿದುಕೊಂಡ. ಅವಳ ಪಕ್ಕದಲ್ಲಿ ಖಾಲಿ ಕ್ಯಾನು ಹಿಡಿದು ಕೂತಿದ್ದ ಹೆಂಗಸಿನ ಹತ್ತಿರ ಕೇಳಲಿಲ್ಲ. ಇನ್ನೊಬ್ಬ ಗಂಡಸಿನ ಹತ್ತಿರವೂ ಕೇಳಲಿಲ್ಲ, ಅವನ ಕೈಲೂ ಕ್ಯಾನು. ಕಮಲಾವತಿ ಬಿಡುವವಳೇ?

"ಅವರ ಹತ್ರ ಯಾಕೆ ತಗೊಳ್ಳಲ್ಲ?"

"ಅವ್ರ ಕ್ಯಾನಿಗೆ ಪಾಸೈತೆ," ಎಂದ ಕರಿಯಪ್ಪ. ಕ್ಯಾನಿನ ಹಿಡಿಗೆ ತಂತಿಯಲ್ಲಿ ಕಟ್ಟಿದ ಒಂದು ತಗಡಿನ ಬಿಲ್ಲೆ ತೋರಿಸಿದ. "ತಿಂಗ್ಳಿಗೊಂದ್ಸಲ ಕೊಡ್ತಾರೆ. ಆಮೇಲೆ ಕ್ಯಾನು ಯಾರ ಕೈಲಿ ಬಂದ್ರೂ ಸರಿ. ಒಂದಿನ ಅತ್ತೆ ಬತ್ತಾಳೆ, ಒಂದಿನ ಸೊಸೆ ಬತ್ತಾಳೆ. ನಾನು ಮುಖ ನೋಡಲ್ಲ, ಬಿಲ್ಲೆ ನೋಡ್ತೀನಿ."

ಕಮಲಾವತಿ ತೋಣಿಯ ಅಂಚು ಹಿಡಿದುಕೊಂಡಳು. "ಎಲ್ಲರಿಗೂ ಕ್ಯಾನಿನ ಪಾಸೇನಾ?"

"ಎಲ್ಲಿ ಬಂತು. ಆಚೆ ಸ್ಕೂಲಿನ ಮೇಷ್ಟ್ರಿಗೆ ತಲೆ ಪಾಸು. ಅವ್ರು ಛತ್ರಿ ತರ್ಲಿ, ಚೀಲ ತರ್ಲಿ, ಮೂರ್ ಕ್ಯಾನ್ ತರ್ಲಿ, ನಂಗೇನು."

"ಮೇಷ್ಟ್ರ ಪಾಸಲ್ಲಿ ಮೇಷ್ಟ್ರ ತಮ್ಮ ಬಂದ್ರೆ?"

"ತಲೆ ಪಾಸು ಅಂದ್ರೆ ಆ ತಲೆಗೇಯ. ತಮ್ಮಂಗೆ ಬೇರೆ ತಲೆ ಐತಲ್ಲ."

"ಯಾರಿಗೆ ಯಾವುದು ಲಾಭ, ಕರಿಯಪ್ಪ?"

ಕರಿಯಪ್ಪ ಹುಟ್ಟು ಎತ್ತಿ ಅವಳನ್ನೇ ನೋಡಿದ. "ಒಂದ್ ಕ್ಯಾನಿಗೆ ಬಾಳ ಕೈ ಇದ್ರೆ ಕ್ಯಾನಿಗೆ ಮಾಡ್ಸದು. ಒಂದ್ ಕೈಗೆ ಬಾಳ ಸಾಮಾನಿದ್ರೆ ತಲೆಗೆ ಮಾಡ್ಸದು. ಇಷ್ಟೂ ಗೊತ್ತಿಲ್ದೆ ಆಫೀಸಲ್ಲಿ ಏನ್ ಮಾಡ್ತೀರಿ ನೀವು?"

ನಡುಹೊಳೆಯಲ್ಲಿ ಕೂತು ಕಮಲಾವತಿ ಗಟ್ಟಿಯಾಗಿ ನಕ್ಕುಬಿಟ್ಟಳು. ಇಪ್ಪತ್ತು ವರ್ಷದವಳಿದ್ದಾಗ ಈ ನಡುಹೊಳೆಯ ನೀರು ಯಾರದು ಎಂದು ಕೇಳಿದ್ದಳು. ಆ ಉತ್ತರ ಇವತ್ತಿಗೂ ಸಿಕ್ಕಿಲ್ಲ, ಅದರ ಬದಲು ಇದು ಸಿಕ್ಕಿತು. ಆಸೆ ಹೆಚ್ಚಿ, ಇಡೀ ತೋಣಿಗೇ ಪಾಸು ಮಾಡಿಸಬಹುದೇ ಎಂದು ಕೇಳಿದಳು. ಮದುವೆ ದಿಬ್ಬಣ ಬಂದರೆ ಇಡೀ ತೋಣಿ ಗುತ್ತಿಗೆ, ಆಗ ತಲೆ ಎಣಿಸುವುದಿಲ್ಲ, ಆದರೆ ದಿನಾ ಅಷ್ಟು ಕೊಡುವವರು ಯಾರು ಎಂದ ಅವನು. ಪುಕ್ಕಟೆ ದಾಟಬೇಕಾದರೆ?

"ಕಾಡಲ್ಲಿ ಬಿದ್ರು ಐತೆ, ತೆಪ್ಪ ಕಟ್ಕೊಂಡ್ ಹೋಗಿ. ಯಾರೂ ಕಾಸು ಕೇಳಲ್ಲ. ನಡೂಮಧ್ಯ ಹಗ್ಗ ಬಿಚ್ಕೊಂಡ್ರೆ ಮಾತ್ರ ನನ್ನ ಕೂಗ್ಬೇಡಿ."

ಆ ಶನಿವಾರ ಸಂಜೆ ಅವಳು ಪುಸ್ತಕವನ್ನು ಮೂರನೆಯ ಸಲ ಓದಿದಳು, ಈ ಸಲ ಡಿಕ್ಷನರಿ ಬೇಕಾಗಲಿಲ್ಲ. ಎಲ್ಲವೂ ಅಲ್ಲಿತ್ತು. ತಲೆ ಪಾಸು, ಕ್ಯಾನಿನ ಪಾಸು, ಎರಡರಲ್ಲಿ ಆರಿಸುವುದು ಕೊಳ್ಳುವವರ ಇಷ್ಟ. ಇಡೀ ತೋಣಿಯ ಗುತ್ತಿಗೆಯೂ ಇತ್ತು. ಸರ್ವರಿನ ಪ್ರೊಸೆಸರ್ ಎಣಿಸಿ ದೊಡ್ಡ ಮೊತ್ತ ಕಟ್ಟಿದರೆ ಎಷ್ಟು ಜನ ಬೇಕಾದರೂ ಬಳಸಬಹುದು. ತೆಪ್ಪದ ಬಗ್ಗೆ ಮಾರುವವರ ಪುಸ್ತಕದಲ್ಲಿ ಯಾಕಿರುತ್ತದೆ? ಅದನ್ನು ಬತ್ತೇರಿಯ ಕಾಲೇಜಿನಲ್ಲಿ ಕಲಿಸುವವರೊಬ್ಬರನ್ನು ಕೇಳಿ ತಿಳಿದಳು. ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಪುಕ್ಕಟೆ ಸಾಫ್ಟ್‌ವೇರು ಇದೆ, ಒಳ್ಳೆಯದೇ ಇದೆ, ಕೆಟ್ಟರೆ ಕಟ್ಟಬಲ್ಲ ಕೈ ನಿಮ್ಮಲ್ಲಿರಬೇಕು ಎಂದರು ಅವರು.

ಸೋಮವಾರ ಪದ್ಮನಾಭನಿಗೆ ಮತ್ತೆ ಫೋನು. "ಡಿವೈಸ್ ಲೆಕ್ಕದಲ್ಲಿ ಕೊಡ್ತೀರಾ?"

"ಕೊಡಬಹುದು ಚೇಚಿ. ಒಂದೊಂದರ ಬೆಲೆ ಹೆಚ್ಚು ಕಡಿಮೆ ಅದೇ. ಯಾರೂ ಕೇಳಲ್ಲ, ಅದಕ್ಕೇ ಹೇಳಿರಲಿಲ್ಲ." ಅದನ್ನು ಅವನು ಮೋಸಕ್ಕೆ ಹೇಳದೆ ಇದ್ದದ್ದಲ್ಲ, ಸೋಮಾರಿತನಕ್ಕೆ. ಆದರೆ ಆರು ಜನರ ಕೆಲಸ ಹೋಗುವುದಕ್ಕೆ ಮೋಸವೇ ಆಗಬೇಕೆಂದಿಲ್ಲ, ಒಬ್ಬರ ಸೋಮಾರಿತನ ಸಾಕು ಎಂದು ಕಮಲಾವತಿಗೆ ಸಿಟ್ಟು ಬಂತು. ಫೋನಿನಲ್ಲಿ ಅದನ್ನೇ ಹೇಳಿದಳು ಕೂಡ.

ಮಂಗಳವಾರದ ಕಮಿಟಿಯಲ್ಲಿ ಅವಳು ಎದ್ದು ನಿಂತು ತಲೆಗಳನ್ನು ಬಿಟ್ಟು ಕಂಪ್ಯೂಟರುಗಳನ್ನು ಎಣಿಸಿದಳು. ಕಚೇರಿಯಲ್ಲಿ ಒಂಬತ್ತು ಜನ ಬಳಸುವುದು ನಾಲ್ಕನ್ನು. ನಾಲ್ಕು ಕೇಂದ್ರಕ್ಕೆ ನಾಲ್ಕು. ಸೂಪರ್‌ವೈಸರುಗಳು ಹೋದಲ್ಲಿ ಕೂರುವುದು ಅವೇ ಕಂಪ್ಯೂಟರಿನ ಮುಂದೆ. ಒಟ್ಟು ಎಂಟು. ಲೈಸೆನ್ಸುಗಳನ್ನು ಐದೈದರ ಕಟ್ಟಿನಲ್ಲಿ ಮಾರುತ್ತಾರೆ, ಹತ್ತು ಕೊಂಡರೆ ಎರಡು ಮುಂದಕ್ಕೆ ಇರುತ್ತದೆ.

ಕುಮಾರನ್ ಪದ್ಮನಾಭನ ಕಡೆ ನೋಡಿದರು. ಅವನು ತಲೆ ಆಡಿಸಿದ.

"ಹಾಗಾದರೆ ಮರಕ್ಕಡವಿಗೆ ಎಷ್ಟು ಜನ ಇದ್ದರೂ ಒಂದೇ?"

"ಒಂದೇ ಸಾರ್. ಏಳಾದರೂ ಎಪ್ಪತ್ತಾದರೂ. ಮೇಜಿಗೆ ಪಾಸು, ಕೂತವರಿಗಲ್ಲ," ಎಂದಳು ಕಮಲಾವತಿ.

"ಮೊನ್ನೆ ಪದ್ಮನಾಭನ್ ನನಗೂ ಫೋನಿನಲ್ಲಿ ಇನ್ನೊಂದು ದಾರಿ ಹೇಳಿದ್ದರಲ್ಲ," ಎಂದರು ಕುಮಾರನ್. "ಭಾಗ್ಯಮ್ಮನ ಒಂದೇ ಹೆಸರಿನಲ್ಲಿ ಎಲ್ಲರೂ. ಹಾಗೆ ನಾವೂ ಇಲ್ಲಿ ಎರಡು ಮೂರು ಹೆಸರಿನಲ್ಲೇ ಮುಗಿಸಿದರೆ ಹತ್ತೂ ಬೇಡವಲ್ಲ?"

ಕಮಲಾವತಿ ಪುಸ್ತಕದ ಹಿಂದಿನ ಪುಟ ತೆಗೆದು ಓದಿದಳು. ಎಷ್ಟು ಜನ ಒಂದೇ ಹೆಸರಿನ ಹಿಂದೆ ನಿಂತು ಬಳಸಿದರೂ ಲೆಕ್ಕಕ್ಕೆ ಅಷ್ಟೂ ಜನ ಬರುತ್ತಾರೆ ಎಂದು ಅಲ್ಲಿತ್ತು. "ಅದು ಅವರ ಕಾನೂನು ಸಾರ್. ನಮ್ಮದೂ ಒಂದಿದೆ. ಚೀಟಿಯ ಮೇಲೆ ಅಳೆದವರ ಹೆಸರಿಲ್ಲದಿದ್ದರೆ ಅಳತೆ ಯಾರದು? ಹಳೇ ನೌಕರನ ಕಾಲದಲ್ಲಿ ನಾವು ಪಟ್ಟ ಪಾಡು ಸಾಲದಾ? ಈ ಪಾಸಿನಲ್ಲಿ ಹೆಸರಿಗೆ ಮಿತಿಯಿಲ್ಲ. ಏಳು ಜನಕ್ಕೂ ಏಳು ಹೆಸರು ಬೇಕು. ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ."

ಹೆಡ್ ಗುಮಾಸ್ತೆಯ ಸಹಿಯಿಲ್ಲದೆ ಬಿಲ್ಲು ಹೋಗದು, ಮೂವತ್ತೊಂದಕ್ಕೆ ಇನ್ನು ಎಂಟೇ ದಿನ. ಕುಮಾರನ್ ಗೋಡೆಯ ಕ್ಯಾಲೆಂಡರು ನೋಡಿದರು. "ಶರಿ ಚೇಚಿ, ಏಳು ಜನವೂ ಇರಲಿ," ಅಂದರು. ಏಪ್ರಿಲಿನಲ್ಲಿ ಸರ್ವರು ಬಂತು.

ಹೆಸರು ಹಾಕಿಸಲು ಕಮಲಾವತಿ ತಾನೇ ಪದ್ಮನಾಭನನ್ನು ಕರೆದುಕೊಂಡು ಮರಕ್ಕಡವಿಗೆ ಹೋದಳು. ಏಳು ಜನರೂ ಸೇರಿದ್ದರು. ಮತ್ತೆ ಅದೇ ರಗಳೆ, ಮೊದಲು ಯಾರದು? ಭಾಗ್ಯಮ್ಮನದಾಯಿತು, ಪುಟ್ಟಗೌರಮ್ಮನದಾಯಿತು, ವಯಸ್ಸಿನ ಪ್ರಕಾರ ಕೊನೆಗೆ ನೀಲಿ ಬಂದಳು. ಸಂಘದ ಯಾವ ಕಾಗದದಲ್ಲೂ ಅವಳ ಹೆಸರು ಅದುವರೆಗೆ ಅಚ್ಚಾಗಿರಲಿಲ್ಲ. ಪದ್ಮನಾಭನ್ ತೋರಿಸಿದ ಕೀಲಿಗಳನ್ನು ಒಂದೊಂದಾಗಿ ಒತ್ತಿದಳು. ಒಂದು ಪರೀಕ್ಷೆಯ ಚೀಟಿ ಹೊರಗೆ ಬಂತು, ಅಳೆದವರು ನೀಲಿ. ಅವಳು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಖುಷಿಯಾಗಿರಬೇಕೆಂದು ಎಲ್ಲರೂ ಅಂದುಕೊಂಡರು.

"ಕಮಲಕ್ಕ," ಎಂದಳು ಕೊನೆಗೆ. "ಹಳೇ ಚೀಟಿಗೂ ನನ್ನ ಹೆಸ್ರು ಹಾಕಕ್ಕಾಯ್ತದಾ?"

"ಯಾವ ಚೀಟಿ?"

"ಆ ಬುಧ್ವಾರದ್ದು. ವೆಳ್ಳಚ್ಚಿ ಅಜ್ಜೀದು."

ಭಾಗ್ಯಮ್ಮ "ಸುಮ್ಕಿರು ನೀಲಿ" ಎಂದಳು. ನೀಲಿ ಸುಮ್ಮನಿರಲಿಲ್ಲ. "ಅವತ್ತು ಕೂತಿದ್ದು ನಾನು. ಪರೀಕ್ಷೆ ಕುಪ್ಪಿ ತೊಳ್ದು, ನೀರು ಪೂರ್ತಿ ಬಗ್ಗಿಸ್ದೇನೆ ಹಾಲು ಹಾಕ್ಬಿಟ್ಟೆ. ನೀರು ಅಜ್ಜೀದಲ್ಲ ಅಕ್ಕ, ನಂದು. ಹೇಳನ ಅಂದ್ರೆ ಚೀಟೀಲಿರದು ಭಾಗ್ಯಕ್ಕನ ಹೆಸ್ರು, ಹೆಸ್ರು ಹೋಗದು ಅವ್ರುದ್ದು. ಅವ್ರು ನನ್ನ ಬಿಟ್ಟುಕೊಡ್ಲಿಲ್ಲ, ನಾನು ಅವ್ರನ್ನ ಬಿಟ್ಟುಕೊಡ್ಲಿಲ್ಲ. ಅಜ್ಜಿ ಒಬ್ಳು ನಡುವೆ ಸಿಕ್ಕೊಂಡ್ಳು."

ಅವಳ ಕಣ್ಣು ತುಂಬಿತು. ಹೆಸರು ಎಂದರೆ ಮರ್ಯಾದೆ ಎಂದಷ್ಟೇ ಕಮಲಾವತಿ ತಿಳಿದಿದ್ದಳು. ತಪ್ಪು ಒಪ್ಪಿಕೊಳ್ಳುವುದಕ್ಕೂ ಒಂದು ಹೆಸರು ಬೇಕು ಎಂದು ಹೊಳೆದಿರಲಿಲ್ಲ. ಪದ್ಮನಾಭನನ್ನು ಕೇಳಿದಳು. ಒಮ್ಮೆ ಬರೆದದ್ದನ್ನು ಕಂಪ್ಯೂಟರಿನಲ್ಲಿ ತಿದ್ದಲಾಗದು, ಹಾಗೆಯೇ ಮಾಡಿಟ್ಟಿದ್ದಾರೆ ಎಂದ ಅವನು.

ಆ ಶನಿವಾರದಿಂದಲೂ ಕಮಲಾವತಿಯ ಚೀಲದಲ್ಲಿ ಆ ಬುಧವಾರದ ಚೀಟಿಯ ಕಚೇರಿ ಪ್ರತಿ ಇತ್ತು. ತೆಗೆದು ಮಗುಚಿದಳು. ಹಿಂಬದಿ ಖಾಲಿ. ಮೂವತ್ತು ವರ್ಷ ಬೇರೆಯವರು ಬರೆದ ಹಿಂಬದಿ ಓದಿದವಳು ಅವತ್ತು ಮೊದಲ ಸಲ ತಾನೇ ಒಂದು ಹಿಂಬದಿ ಬರೆದಳು. ನೀಲಿ ಹೇಳಿದ್ದನ್ನು ಹೇಳಿದ ಹಾಗೇ, ಕನ್ನಡದಲ್ಲಿ, ಕೆಳಗೆ ಮಲೆಯಾಳದಲ್ಲಿ. ನೀಲಿ ಸಾಕ್ಷರತಾ ತರಗತಿಯಲ್ಲಿ ಕಲಿತ ಅಕ್ಷರದಲ್ಲಿ ಸಹಿ ಹಾಕಿದಳು. ಕಮಲಾವತಿ ಅದರ ಪಕ್ಕದಲ್ಲಿ ಸಂಘದ ಸೀಲು ಒತ್ತಿದಳು.

ವೆಳ್ಳಚ್ಚಿಯ ಕೊಟ್ಟಿಗೆ ಹೊಳೆಯಾಚೆ. ಇಬ್ಬರೂ ತೋಣಿ ಹತ್ತಿದರು. ಕೈಯಲ್ಲಿ ಕ್ಯಾನು ಇಲ್ಲದ್ದನ್ನು ನೋಡಿ ಕರಿಯಪ್ಪ ಇಬ್ಬರ ಹತ್ತಿರವೂ ಕಾಸು ತೆಗೆದುಕೊಂಡ.

ಮುದುಕಿಗೆ ಓದಲು ಬಾರದು. ನೀಲಿಯೇ ನಿಂತುಕೊಂಡು ಎಲ್ಲವನ್ನೂ ಬಾಯಿಬಿಟ್ಟು ಹೇಳಿದಳು. ವೆಳ್ಳಚ್ಚಿ ಚೀಟಿಯನ್ನು ಮುಂದೆ ತಿರುಗಿಸಿ ನೋಡಿದಳು, ಹಿಂದೆ ತಿರುಗಿಸಿ ನೋಡಿದಳು.

"ಇದ್ರಲ್ಲಿ ಯಾವ ಕಡೇದು ನಿಜ?"

"ಹಿಂದುಗಡೇದು," ಎಂದಳು ಕಮಲಾವತಿ.

ಮುದುಕಿ ಚೀಟಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೊಟ್ಟಿಗೆಯ ಮೂಲೆಯಲ್ಲಿ ತಿಂಗಳಿಂದ ಬೋರಲು ಬಿದ್ದಿದ್ದ ಕ್ಯಾನನ್ನು ಎತ್ತಿ ತಂದು, ತೊಳೆದುಕೊಂಡು ಬಾ ಎಂದು ನೀಲಿಯ ಕೈಗೇ ಕೊಟ್ಟಳು. ನೀಲಿ ಹೊಳೆಯ ಕಡೆ ನಾಲ್ಕು ಹೆಜ್ಜೆ ಇಟ್ಟಿದ್ದಳು, ಹಿಂದಿನಿಂದ ಮುದುಕಿ ಕೂಗಿ ಹೇಳಿದಳು.

"ನೀರು ಪೂರ್ತಿ ಬಗ್ಗಿಸು."